ದೊಡ್ಡವಳಾಗುವ ಮುಂಚೆ

ಅಜ್ಜಿ ಕಥೆಗಳಲ್ಲಿ ರಾಜನಿಗೆ ಮಗಳು ಹುಟ್ಟುವುದಕ್ಕೆ ಒಂದು ಮಾತು ಸಾಕು. ಅವಳು ಬೆಳೆದು ದೊಡ್ಡವಳಾಗುವುದಕ್ಕೆ ಇನ್ನೊಂದು. ಈ ಎರಡು ಮಾತುಗಳ ನಡುವೆ ಹನ್ನೆರಡೋ ಹದಿನೈದೋ ವರ್ಷ ಸದ್ದಿಲ್ಲದೆ ಜಾರಿಹೋಗುತ್ತವೆ. ಆ ವರ್ಷಗಳಲ್ಲಿ ಅವಳು ಏನು ಆಡಿದಳು, ಯಾರ ಜೊತೆ ಟೂ ಬಿಟ್ಟು ಯಾರ ಜೊತೆ ರಾಜಿಯಾದಳು, ಯಾವ ಕತ್ತಲೆಗೆ ಹೆದರಿದಳು, ಏನು ಕಲಿಯಲು ಹೋಗಿ ಸೋತಳು ಎಂಬ ಸುದ್ದಿಯೇ ಇಲ್ಲ. ಕನ್ನಡದಲ್ಲಿ ಹುಡುಗಿಯೊಬ್ಬಳು ‘ದೊಡ್ಡವಳಾದಳು’ ಎಂದರೆ ಮೈನೆರೆದಳು ಎಂದೇ ಅರ್ಥ. ಹುಡುಗ ದೊಡ್ಡವನಾದ ಎನ್ನುವಾಗ ಇಲ್ಲದ ಈ ಒಳಅರ್ಥವನ್ನು ಭಾಷೆ ಹುಡುಗಿಗೆ ಮಾತ್ರ ಅಂಟಿಸಿಟ್ಟಿದೆ. ಕಥೆಯೂ ಅದೇ ಹಾದಿ ಹಿಡಿದು, ಅವಳು ಮದುವೆಗೆ ಸಲ್ಲುವ ದಿನ ಬಂದಾಗ ಅವಳತ್ತ ತಿರುಗಿ ನೋಡುತ್ತದೆ. ಯುರೋಪಿನ ಕಿನ್ನರಿ ಕಥೆಗಳಲ್ಲೂ ಹೀಗೆಯೇ. ಗ್ರಿಮ್ ಸಹೋದರರ ರಪುಂಜೆಲ್‌ಗೆ 12 ತುಂಬಿದಾಗ ಮಾಟಗಾತಿ ಅವಳನ್ನು ಗೋಪುರದಲ್ಲಿ ಕೂಡಿಹಾಕುತ್ತಾಳೆ. ನೂರು ವರ್ಷ ಮಲಗುವ ರಾಜಕುಮಾರಿಯ ಬೆರಳಿಗೆ ಕದಿರು ಚುಚ್ಚುವುದು ಅವಳಿಗೆ 15 ತುಂಬಿದ ದಿನ. ತೊಟ್ಟಿಲಲ್ಲಿದ್ದಾಗ ಬಿದ್ದ ಶಾಪಕ್ಕೂ ಆ ದಿನಕ್ಕೂ ನಡುವೆ ಅರಮನೆಯಲ್ಲಿ ಓಡಾಡಿಕೊಂಡಿದ್ದ ಹುಡುಗಿ ಎಂಥವಳು ಎಂಬುದನ್ನು ಗ್ರಿಮ್ ಕಥೆ ಒಂದೇ ವಾಕ್ಯದಲ್ಲಿ ಮುಗಿಸುತ್ತದೆ. ಕನ್ನಡಿ ಮಾತಾಡುವ ಹೊತ್ತಿಗೆ ಸ್ನೋ ವೈಟ್‌ಗೆ 7 ವರ್ಷವಷ್ಟೇ. ಅಲ್ಲೂ ಕಥೆಯ ಕಣ್ಣು ನೆಟ್ಟಿರುವುದು ಅವಳ ಚೆಲುವಿನ ಮೇಲೆ.

ಕಳೆದ ಎರಡು ಮೂರು ದಶಕಗಳಲ್ಲಿ ಇಂಗ್ಲಿಷಿನ ಮಕ್ಕಳ ಪುಸ್ತಕಲೋಕ ಈ ಖಾಲಿ ಜಾಗಕ್ಕೆ ಕೈಹಾಕಿದೆ. ರಾಜಕುಮಾರಿಯರು ಇನ್ನೂ ಪುಟ್ಟ ಹುಡುಗಿಯರಾಗಿದ್ದಾಗಿನ ಕಥೆಗಳನ್ನು ಊಹಿಸಿ ಬರೆದ ‘ಚಾಪ್ಟರ್ ಬುಕ್’ಗಳು ಬರುತ್ತಿವೆ. ಚಾಪ್ಟರ್ ಬುಕ್ ಎಂದರೆ ಚಿತ್ರಪುಸ್ತಕಕ್ಕಿಂತ ದೊಡ್ಡದು, ಕಾದಂಬರಿಗಿಂತ ಚಿಕ್ಕದು: ನೂರರ ಆಸುಪಾಸಿನ ಪುಟಗಳು, ಒಂದೇ ಕೂತಿಗೆ ಓದಿ ಮುಗಿಸಬಹುದಾದ ಸಣ್ಣ ಅಧ್ಯಾಯಗಳು, ಅಲ್ಲಲ್ಲಿ ಒಂದೊಂದು ಚಿತ್ರ. ಆರೇಳರಿಂದ ಒಂಬತ್ತು ಹತ್ತು ವರ್ಷದ ಮಕ್ಕಳು, ಅಂದರೆ ಅಪ್ಪ ಅಮ್ಮ ಓದಿ ಹೇಳುವುದನ್ನು ಬಿಟ್ಟು ತಾವೇ ಓದಲು ಹೊರಟ ಮಕ್ಕಳು, ಇವುಗಳ ಓದುಗರು. ಡಿಸ್ನಿಯ ‘ಬಿಫೋರ್ ದ ಸ್ಟೋರಿ’ ಮಾಲೆಯಲ್ಲಿ ಸಿಂಡ್ರೆಲಾ, ಮುಲಾನ್, ಎಲ್ಸಾ ಮುಂತಾದವರ ಬಾಲ್ಯದ ಕಥೆಗಳು ಪುಸ್ತಕವಾಗಿವೆ. ಅದಕ್ಕೂ ಮುಂಚೆ, 1999ರಲ್ಲಿ, ಅಮೆರಿಕದ ಲೇಖಕಿ ಗೇಲ್ ಕಾರ್ಸನ್ ಲೆವೀನ್ ಮಲಗುವ ರಾಜಕುಮಾರಿಯನ್ನು ತೊಟ್ಟಿಲಿನಿಂದಲೇ ಹಿಂಬಾಲಿಸುವ ‘ಪ್ರಿನ್ಸೆಸ್ ಸೊನೋರಾ ಆ್ಯಂಡ್ ದ ಲಾಂಗ್ ಸ್ಲೀಪ್’ ಎಂಬ ಪುಟ್ಟ ಪುಸ್ತಕ ಬರೆದರು. ದೊಡ್ಡವರು ಈ ಬಗೆಯ ಪುಸ್ತಕಗಳನ್ನು ಕಂಡರೆ ಗುಲಾಬಿ ಬಣ್ಣದ ಇನ್ನೊಂದು ಸರಕು ಎಂದು ಪಕ್ಕಕ್ಕೆ ಸರಿಸುತ್ತಾರೆ. ಹಾಗೆ ಸರಿಸುವುದು ತಪ್ಪು. ರಾಜಕುಮಾರಿಗೆ ಬಾಲ್ಯ ಕೊಡುವುದು ಕಿನ್ನರಿ ಕಥೆಗೆ ಈ ಕಾಲದಲ್ಲಿ ಆಗಬಹುದಾದ ಬಹಳ ಒಳ್ಳೆಯ ಕೆಲಸಗಳಲ್ಲಿ ಒಂದು. ಆದರೆ ಆ ಬಾಲ್ಯ ಮುಂದೆ ಬರುವ ಮದುವೆಗೋ ಸಿನಿಮಾಗೋ ಬರೆದ ಮುನ್ನುಡಿಯಾಗಬಾರದು. ಅದು ಆ ಹುಡುಗಿಯದೇ ಆಗಿರಬೇಕು. ಈಗ ಬರುತ್ತಿರುವ ಪುಸ್ತಕಗಳ ಗೆಲುವು ಸೋಲು ಎರಡನ್ನೂ ಅಳೆಯಬೇಕಾದದ್ದು ಈ ಒಂದು ಅಳತೆಗೋಲಿನಿಂದ.

ಗೆಲುವು ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ಎಂಟು ವರ್ಷದ ಸಿಂಡ್ರೆಲಾಳ ಕಥೆಯಲ್ಲಿ ರಾಜಕುಮಾರ ಬರುವಂತಿಲ್ಲ. ಬರೆಯುವವರ ಸ್ತ್ರೀವಾದ ಎಷ್ಟೇ ಗಟ್ಟಿಯಾಗಿರಲಿ ತೆಳುವಾಗಿರಲಿ, ಕಥೆಯ ಕಾಲವೇ ಅವನನ್ನು ಹೊರಗಿಡುತ್ತದೆ. ಕುದುರೆ ಏರಿ ಬಂದು ಗಂಟು ಬಿಡಿಸುವವನು ಇಲ್ಲವಾದ ಮೇಲೆ ಗಂಟನ್ನು ಆ ಹುಡುಗಿಯೇ ಬಿಡಿಸಬೇಕು, ಇಲ್ಲವೇ ಗೆಳತಿಯನ್ನೋ ಅಪ್ಪನನ್ನೋ ನೆರವಿಗೆ ಕರೆಯಬೇಕು. ಗಂಟಿನ ಸ್ವರೂಪವೂ ಬದಲಾಗುತ್ತದೆ. ಯಾರು ಅತಿ ಚೆಲುವೆ, ಯಾರ ಪಾದಕ್ಕೆ ಚಪ್ಪಲಿ ಹಿಡಿಸುತ್ತದೆ ಎಂಬ ಪ್ರಶ್ನೆಗಳಿಗೆ ಆ ವಯಸ್ಸಿನಲ್ಲಿ ಬೆಲೆಯಿಲ್ಲ. ಹೊಸ ಗೆಳತಿಯನ್ನು ಹೇಗೆ ಮಾಡಿಕೊಳ್ಳುವುದು, ಸುಳ್ಳು ಹೇಳಿದ್ದನ್ನು ಹೇಗೆ ಒಪ್ಪಿಕೊಳ್ಳುವುದು, ಎಲ್ಲರೆದುರು ನಿಂತಾಗ ನಡುಗುವ ಕಾಲನ್ನು ಹೇಗೆ ನಿಲ್ಲಿಸುವುದು ಎಂಬಂಥವು ಬೆಲೆಯುಳ್ಳ ಪ್ರಶ್ನೆಗಳಾಗುತ್ತವೆ. ಓದುವ ಮಗುವಿನ ದಿನದಲ್ಲೂ ನಿಜವಾಗಿ ಇರುವ ಪ್ರಶ್ನೆಗಳು ಇವೇ. ಇಷ್ಟು ದಿನ ಏಳು ವರ್ಷದ ಓದುಗಾರ್ತಿ ರಾಜಕುಮಾರಿಯ ಜೊತೆ ಸೇರಬೇಕಾದರೆ ಹದಿನಾರಕ್ಕೆ ಹಾರಿ, ಹೆಣ್ಣಾಗಿ, ವರನಿಗಾಗಿ ಕಾಯುವವಳ ಜಾಗದಲ್ಲಿ ಕೂರಬೇಕಿತ್ತು. ಇಲ್ಲಿ ರಾಜಕುಮಾರಿಯೇ ಇಳಿದು ಬಂದು ಏಳರ ಪಕ್ಕದಲ್ಲಿ ಕೂರುತ್ತಾಳೆ.

ಇದಕ್ಕೆ ಓದು ಕಲಿಸುವವರು ಬಲ್ಲ ಇನ್ನೊಂದು ಕಾರಣವೂ ಸೇರುತ್ತದೆ. ಅಕ್ಷರ ಕೂಡಿಸಿ ಓದುವುದನ್ನು ಆಗಷ್ಟೇ ದಾಟಿದ ಮಗುವಿಗೆ ಪುಟ ತುಂಬ ಪದಗಳಿರುವ ಪುಸ್ತಕವೇ ಒಂದು ಬೆಟ್ಟ. ಪಾತ್ರ ಯಾರು, ಊರು ಯಾವುದು, ಯಾರು ಒಳ್ಳೆಯವರು ಎಂಬುದನ್ನೆಲ್ಲ ಹೊಸದಾಗಿ ತಿಳಿಯಬೇಕಾದರೆ ಹತ್ತು ಪುಟದಲ್ಲಿ ಉಸಿರು ಕಟ್ಟುತ್ತದೆ. ಗೊತ್ತಿರುವ ಪಾತ್ರವಿದ್ದರೆ ಅರ್ಧ ಭಾರ ಇಳಿದಂತೆ, ಮಿಕ್ಕ ಶಕ್ತಿ ಓದಿಗೆ ಸಿಗುತ್ತದೆ. ಒಂದು ಪುಸ್ತಕ ಮುಗಿಸಿದ ಮಗು ಅದೇ ಮಾಲೆಯ ಇನ್ನೊಂದಕ್ಕೆ ಕೈಚಾಚುವುದೂ ಇದರಿಂದಲೇ. ಗ್ರಂಥಾಲಯದಲ್ಲಿ ಮಗಳು ರಾಜಕುಮಾರಿಯ ಪುಸ್ತಕವನ್ನೇ ಆರಿಸಿಕೊಂಡಳೆಂದು ಮುಖ ಸಿಂಡರಿಸುವ ತಂದೆತಾಯಿಗಳು, ಅವಳು ಮೊದಲ ಬಾರಿ ಇಡೀ ಪುಸ್ತಕವನ್ನು ತಾನೇ ಓದಿ ಮುಗಿಸಿದ್ದು ಯಾರ ಕೈಹಿಡಿದು ಎಂಬುದನ್ನು ಗಮನಿಸಬೇಕು.

ಜಾನಪದ ಬಲ್ಲವರ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸ್ವಿಟ್ಜರ್ಲೆಂಡಿನ ವಿದ್ವಾಂಸ ಮ್ಯಾಕ್ಸ್ ಲ್ಯೂಥಿ 1947ರಲ್ಲಿ ಪ್ರಕಟಿಸಿದ ಯುರೋಪಿಯನ್ ಜನಪದ ಕಥೆಯ ಅಧ್ಯಯನದಲ್ಲಿ ಒಂದು ಮುಖ್ಯ ಲಕ್ಷಣವನ್ನು ಗುರುತಿಸಿದರು: ಈ ಕಥೆಗಳಿಗೆ ಆಳವಿಲ್ಲ, ಮತ್ತು ಆಳವಿಲ್ಲದಿರುವುದೇ ಅವುಗಳ ಕಲೆ. ಪಾತ್ರಗಳಿಗೆ ಹಿಂದುಮುಂದಿಲ್ಲ, ಒಳಮನಸ್ಸಿಲ್ಲ, ಗಾಯವಾದರೂ ರಕ್ತವಿಲ್ಲ. ರಂಗೋಲಿಯ ಗೆರೆಯಂತೆ ಅವು ನೆಲದ ಮೇಲೆ ಹರಡಿಕೊಂಡಿರುತ್ತವೆ. ಹಾಗಿರುವುದರಿಂದಲೇ ಯಾವ ಮಗು ಬೇಕಾದರೂ ತನ್ನ ದುಃಖವನ್ನು ಅವುಗಳೊಳಗೆ ತುಂಬಬಹುದು. ಸಿಂಡ್ರೆಲಾಗೆ ನೆಚ್ಚಿನ ಹಾಡು, ಗೆಳತಿಯ ಹೆಸರು, ಅಮ್ಮನ ನೆನಪು ಎಲ್ಲವನ್ನೂ ಕೊಟ್ಟುಬಿಟ್ಟರೆ ಅವಳು ಬೇರೊಬ್ಬಳಾಗುತ್ತಾಳೆ, ಮಗುವಿನ ಕಲ್ಪನೆಗೆ ಎಡೆ ಉಳಿಯುವುದಿಲ್ಲ ಎನ್ನುವುದು ವಾದ. ಇದರಲ್ಲಿ ಹುರುಳಿದೆ. ಗೆರೆ ಗೆರೆಯಾಗಿಯೇ ಇರುವ ಹಳೆಯ ಕಥೆಯನ್ನು ಮಗು ಕೇಳಲೇಬೇಕು, ಅದೂ ಪುಸ್ತಕಕ್ಕಿಂತ ಮುಂಚೆ, ಬಾಯಿಂದ ಕಿವಿಗೆ.

ಆದರೆ ಆ ಗೆರೆಗಳನ್ನು ಯಾರೂ ಮುಟ್ಟದೆ ಹಾಗೇ ಉಳಿಸಿಕೊಂಡು ಬಂದಿದ್ದಾರೆ ಎಂದುಕೊಂಡರೆ ತಪ್ಪು. ಫ್ರಾನ್ಸಿನ ಮದಾಂ ದ ವಿಲ್ನವ್ 1740ರಲ್ಲಿ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ ಕಥೆಯನ್ನು ಮೊದಲು ಅಚ್ಚಿಗೆ ಕೊಟ್ಟಾಗ ಅದೊಂದು ಉದ್ದನೆಯ ಕೃತಿ. ಶಾಪ ಕಳೆದ ಮೇಲೂ ಕಥೆ ನಿಲ್ಲದೆ ಹಿಂದಕ್ಕೆ ತಿರುಗಿ ನಾಯಕಿಯ ಹುಟ್ಟಿನ ಗುಟ್ಟನ್ನು ಬಿಚ್ಚುತ್ತಿತ್ತು: ಅವಳು ವ್ಯಾಪಾರಿಯ ಮಗಳಲ್ಲ, ಒಬ್ಬ ರಾಜನಿಗೂ ಒಬ್ಬ ಕಿನ್ನರಿಗೂ ಹುಟ್ಟಿ ಬಚ್ಚಿಡಲ್ಪಟ್ಟ ಮಗು. 1756ರಲ್ಲಿ ಮದಾಂ ದ ಬೋಮಾಂ ಇದನ್ನು ಮಕ್ಕಳಿಗೆಂದು ಕತ್ತರಿಸಿ ಚಿಕ್ಕದು ಮಾಡಿದರು. ನಮಗೆ ಬಂದದ್ದು ಆ ಕತ್ತರಿಸಿದ ರೂಪ. ನಾವು ಮೂಲ ಎಂದುಕೊಂಡಿರುವ ಕಥೆಯಿಂದ ಹಿನ್ನೆಲೆಯನ್ನು ಬೇಕೆಂದೇ ಕಿತ್ತುಹಾಕಲಾಗಿತ್ತು. ಗ್ರಿಮ್ ಸಹೋದರರ 1812ರ ಮೊದಲ ಸಂಪುಟದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಆಕೆ ಮಲತಾಯಿಯಾದಳು. ಅದೇ ಮೊದಲ ಸಂಪುಟದಲ್ಲಿ ರಪುಂಜೆಲ್ ತನ್ನ ಬಟ್ಟೆ ಯಾಕೆ ಬಿಗಿಯಾಗುತ್ತಿದೆ ಎಂದು ಮುಗ್ಧವಾಗಿ ಕೇಳಿ ತನ್ನ ಬಸಿರಿನ ಗುಟ್ಟು ಬಿಟ್ಟುಕೊಡುತ್ತಾಳೆ. ಮುಂದಿನ ಆವೃತ್ತಿಗಳಲ್ಲಿ ಆ ಪ್ರಶ್ನೆ ಮಾಯವಾಯಿತು. 1857ರ ಏಳನೆಯ ಆವೃತ್ತಿಯವರೆಗೂ ತಿದ್ದುಪಡಿ ನಡೆದೇ ಇತ್ತು. ಇನ್ನು ಆಂಡರ್ಸನ್ 1837ರಲ್ಲಿ ಬರೆದ ಮತ್ಸ್ಯಕನ್ಯೆಗೆ ಬಾಲ್ಯವೇ ಕಥೆಯ ಜೀವ. ಕಡಲಡಿಯ ತೋಟದಲ್ಲಿ ಅಕ್ಕಂದಿರಿಗೊಂದೊಂದು ಪಾತಿಯಿದ್ದರೆ ಅವಳ ಪಾತಿ ಸೂರ್ಯನಂತೆ ಗುಂಡಗೆ. ಅಜ್ಜಿ ಹೇಳುವ ಮೇಲಿನ ಲೋಕದ ಕಥೆಗೆ ಅವಳ ಕಿವಿ ಸದಾ ತೆರೆದಿರುತ್ತದೆ. ಹದಿನೈದು ತುಂಬಿದವರಿಗೆ ಮಾತ್ರ ಮೇಲೇರುವ ಅನುಮತಿ, ಅಕ್ಕಂದಿರು ಒಬ್ಬೊಬ್ಬರಾಗಿ ಹೋಗಿ ಬರುವುದನ್ನು ಕಿರಿಯಳು ವರ್ಷಗಟ್ಟಲೆ ಕಾಯುತ್ತ ನೋಡುತ್ತಾಳೆ. ಈ ಕಾಯುವಿಕೆ ಇಲ್ಲದಿದ್ದರೆ ಮುಂದೆ ಅವಳು ತನ್ನ ದನಿಯನ್ನೇ ಕೊಟ್ಟುಬಿಡುವುದು ನಮ್ಮನ್ನು ಅಷ್ಟು ನೋಯಿಸುತ್ತಿರಲಿಲ್ಲ. ಬಾಲ್ಯ ಸೇರಿದರೆ ಕಿನ್ನರಿ ಕಥೆ ಕೆಡುತ್ತದೆ ಎನ್ನುವವರಿಗೆ ಈ ಒಂದು ಕಥೆಯೇ ಉತ್ತರ.

ಬಿಟ್ಟುಹೋದ ಬಾಲ್ಯವನ್ನು ಆಮೇಲೆ ಬರೆದು ಸೇರಿಸುವುದು ನಮಗಂತೂ ಹೊಸದಲ್ಲ. ಮಹಾಭಾರತದ ಕೃಷ್ಣ ದ್ರೌಪದಿಯ ಸ್ವಯಂವರದ ಸಭೆಗೆ ಬರುವಾಗಲೇ ಬೆಳೆದು ನಿಂತ ಯಾದವ ವೀರ. ಅವನ ಗೋಕುಲ, ಅವನ ಬೆಣ್ಣೆ, ಅವನ ತಂಟೆಯನ್ನು ವಿಸ್ತಾರವಾಗಿ ಹೇಳಲು ಮಹಾಭಾರತಕ್ಕೆ ಅನುಬಂಧವಾಗಿ ಹರಿವಂಶ ಬೇಕಾಯಿತು, ಆಮೇಲೆ ಭಾಗವತದ ದಶಮ ಸ್ಕಂಧ ಬಂತು, ಅಲ್ಲಿಂದ ಹೊರಟ ಹೊಳೆ ಹರಿದಾಸರ ಹಾಡುಗಳಲ್ಲಿ ಹರಿಯಿತು. ಮಣ್ಣು ತಿಂದ ಬಾಯಿ, ಒರಳಿಗೆ ಕಟ್ಟಿದ ಹೊಟ್ಟೆ, ಕಾಳಿಂಗನ ಹೆಡೆ ಇವನ್ನೆಲ್ಲ ಕಳೆದು ಕೃಷ್ಣನನ್ನು ಯೋಚಿಸಲು ಇಂದು ಯಾರಿಂದಲೂ ಆಗದು. ಈಗ ಅದೇ ಮಹಾಭಾರತದ ರಾಜಕುಮಾರಿಯನ್ನು ನೋಡಿ. ದ್ರೌಪದಿ ಯಜ್ಞಕುಂಡದಿಂದ ಎದ್ದು ಬರುವಾಗಲೇ ತುಂಬು ಯೌವನದ ಹೆಣ್ಣು. ಅವಳ ಬಾಲ್ಯವನ್ನು ಕವಿ ಬಿಟ್ಟದ್ದಲ್ಲ, ಅವಳಿಗೆ ಬಾಲ್ಯವೇ ಇಲ್ಲ. ತೊಟ್ಟಿಲಿಲ್ಲದೆ, ಅಂಬೆಗಾಲಿಲ್ಲದೆ, ಮೊದಲ ಹಲ್ಲು ಬೀಳದೆ ಅವಳು ಸ್ವಯಂವರಕ್ಕೆ ಸಿದ್ಧಳಾಗಿ ಹುಟ್ಟಿದಳು. ಸೀತೆ ನೇಗಿಲ ಸಾಲಲ್ಲಿ ಸಿಕ್ಕಿದ್ದು ಗೊತ್ತು, ಶಿವಧನುಸ್ಸಿನ ಪಣ ಗೊತ್ತು. ವಾಲ್ಮೀಕಿ ಅವೆರಡರ ನಡುವಿನ ವರ್ಷಗಳಲ್ಲಿ ನಿಲ್ಲುವುದಿಲ್ಲ. ಕನ್ನಡದ ಜನಪದರು ಮಾತ್ರ ಸುಮ್ಮನಿರಲಾರದೆ, ರಾವಣ ಸೀನಿದಾಗ ಹುಟ್ಟಿದವಳಾದ್ದರಿಂದ ಅವಳು ಸೀತೆ ಎಂದು ಹಾಡಿದರು. ಅವರು ಕೂಡ ಹುಟ್ಟಿನಲ್ಲಿ ನಿಂತರು, ಆಟದಂಗಳದವರೆಗೆ ಹೋಗಲಿಲ್ಲ. ಗಂಡುಮಗುವಿನ ತುಂಟತನಕ್ಕೆ ಪುರಾಣ, ಹಾಡು, ಹಬ್ಬ ಎಲ್ಲವೂ ಇರುವ ನಾಡಿನಲ್ಲಿ ಹೆಣ್ಣುಮಗುವಿನ ತುಂಟತನಕ್ಕೆ ಕಥೆಯಲ್ಲಿ ಇಷ್ಟು ಕಡಿಮೆ ಜಾಗವಿರುವುದನ್ನು ಕಂಡ ಮೇಲೆ, ರಾಜಕುಮಾರಿಗೆ ಬಾಲ್ಯ ಯಾಕೆ ಬೇಕು ಎಂಬ ಪ್ರಶ್ನೆ ಏಳಲಾರದು.

ಸೋಲು ಇರುವುದು ಬೇರೆ ಕಡೆ. ಈ ಪುಸ್ತಕಗಳಲ್ಲಿ ಬಹುಪಾಲು ಸಿನಿಮಾದ ಒಡೆಯರ ಅಂಗಳದಲ್ಲೇ ಹುಟ್ಟುತ್ತವೆ. ಡಿಸ್ನಿ ತನ್ನ ರಾಜಕುಮಾರಿಯರನ್ನೆಲ್ಲ ಒಂದೇ ಹೆಸರಿನಡಿ ಕಲೆಹಾಕಿ ಮಾರಲು ಹೊರಟದ್ದು 2000ದ ಸುಮಾರಿಗೆ. ಪೆಗ್ಗಿ ಓರೆನ್‌ಸ್ಟೀನ್ 2006ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ನಿಯತಕಾಲಿಕದಲ್ಲಿ ಬರೆದ ಲೇಖನ ಕೊಟ್ಟ ಲೆಕ್ಕದಂತೆ, 2001ರಲ್ಲಿ 30 ಕೋಟಿ ಡಾಲರ್ ಇದ್ದ ಈ ಸರಕಿನ ಮಾರಾಟ ಐದೇ ವರ್ಷದಲ್ಲಿ 300 ಕೋಟಿ ಡಾಲರಿಗೆ ಏರಿತು. ಉಡುಪು, ಬೊಂಬೆ, ಬುತ್ತಿಡಬ್ಬಿ, ಹಾಸಿಗೆಯ ಹೊದಿಕೆಗಳ ಆ ಸಾಲಿನಲ್ಲಿ ಪುಸ್ತಕವೂ ಒಂದು. ವ್ಯಾಪಾರವೆಂಬ ಕಾರಣಕ್ಕೇ ಪುಸ್ತಕ ಕೆಟ್ಟದಾಗುವುದಿಲ್ಲ. ಗ್ರಿಮ್ ಸಹೋದರರೂ 50 ಕಥೆಗಳ ಚಿಕ್ಕ ಆವೃತ್ತಿಯನ್ನು 1825ರಲ್ಲಿ ತಂದದ್ದು ಹೆಚ್ಚು ಮನೆಗಳನ್ನು ಮುಟ್ಟಲೆಂದೇ. ತೊಡಕು ಹಣದ್ದಲ್ಲ, ಬೀಗದ್ದು. ಸಿನಿಮಾ ಎಲ್ಲಿ ಆರಂಭವಾಗುತ್ತದೋ ಅಲ್ಲಿಗೆ ಈ ಹುಡುಗಿಯನ್ನು ಕೂದಲೂ ಕೊಂಕದಂತೆ ತಂದು ಒಪ್ಪಿಸುವುದು ಲೇಖಕರ ಕೆಲಸ. 2010ರ ‘ಟ್ಯಾಂಗಲ್ಡ್’ ಚಿತ್ರದ ರಪುಂಜೆಲ್ ಹದಿನೆಂಟರ ಹೊಸ್ತಿಲವರೆಗೆ ಗೋಪುರದಿಂದ ಕೆಳಗೆ ಕಾಲಿಟ್ಟಿಲ್ಲ. ಆದ್ದರಿಂದ ಅವಳ ಒಂಬತ್ತನೆಯ ವರ್ಷದ ಕಥೆ ಬರೆದವರು ಅವಳನ್ನು ಕಿಟಕಿಯವರೆಗೆ ಕರೆದೊಯ್ಯಬಹುದು, ಕಿಟಕಿ ದಾಟಿಸುವಂತಿಲ್ಲ. ಸಿಂಡ್ರೆಲಾ ಒಂದು ಪುಸ್ತಕದಲ್ಲಿ ಅನ್ಯಾಯದೆದುರು ದನಿಯೆತ್ತುವುದನ್ನು ಕಲಿತರೂ, ಸಿನಿಮಾ ಶುರುವಾಗುವ ಹೊತ್ತಿಗೆ ಅದನ್ನು ಮರೆತು ಮಲತಾಯಿಯ ನೆಲ ಒರೆಸುತ್ತಿರಲೇಬೇಕು. ಅವಳು ಕಲಿತದ್ದಕ್ಕೆ ಮುಂದೆ ಫಲವಿಲ್ಲ. ಓದುವ ಮಗು ಇದನ್ನು ಬಾಯಿಬಿಟ್ಟು ಹೇಳದಿರಬಹುದು, ಆದರೆ ಗಮನಿಸುತ್ತದೆ. ಎಂಟು ವರ್ಷಕ್ಕೆ ಅಷ್ಟು ಧೈರ್ಯವಿದ್ದವಳು ಹದಿನೆಂಟಕ್ಕೆ ಯಾಕೆ ಸುಮ್ಮನಾದಳು ಎಂಬುದಕ್ಕೆ ಎರಡು ಕೃತಿಗಳಲ್ಲೂ ಉತ್ತರವಿಲ್ಲ.

ಬೀಗವಿಲ್ಲದವರು ಇದೇ ಕೆಲಸವನ್ನು ಹೇಗೆ ಮಾಡುತ್ತಾರೆ ಎಂಬುದಕ್ಕೆ ಲೆವೀನ್ ಅವರೇ ಸಾಕ್ಷಿ. ಅವರ ಸೊನೋರಾಗೆ ಕಿನ್ನರಿಯರು ಕೊಡುವ ವರಗಳಲ್ಲಿ ಒಂದು ಅಪಾರ ಬುದ್ಧಿ. ತೊಟ್ಟಿಲಲ್ಲೇ ಮಾತು ಬರುವ ಆ ಮಗುವಿಗೆ ತನ್ನ ಮೇಲೆ ಬಿದ್ದ ಶಾಪವೂ ಗೊತ್ತು. ಕದಿರು ಚುಚ್ಚುವುದು ತಪ್ಪದಾದರೆ ಯಾವಾಗ ಚುಚ್ಚಬೇಕೆಂಬುದನ್ನು ತಾನೇ ತೀರ್ಮಾನಿಸುತ್ತೇನೆ ಎಂದು ಅವಳು ಲೆಕ್ಕ ಹಾಕುತ್ತಾಳೆ. ಎಲ್ಲ ಬಲ್ಲ ಹುಡುಗಿಯ ಮಾತಿಗೆ ಕಿವಿಗೊಡುವವರು ಯಾರೂ ಇಲ್ಲದಿರುವ ಒಂಟಿತನವನ್ನು ಲೆವೀನ್ ನಗೆಯ ನಡುವೆಯೇ ತೋರಿಸುತ್ತಾರೆ. ಹಳೆಯ ಕಥೆಯ ಮೂಳೆಗಳು ಹಾಗೆಯೇ ಇವೆ: ಶಾಪ, ಕದಿರು, ನೂರು ವರ್ಷದ ನಿದ್ದೆ. ಅವುಗಳ ನಡುವೆ ಒಂದು ಮನಸ್ಸು ಬಂದು ಕೂತಿದೆ. ಇದಕ್ಕಿಂತ ಎರಡು ವರ್ಷ ಮುಂಚೆ, 1997ರಲ್ಲಿ, ಅವರು ಬರೆದ ‘ಎಲ್ಲಾ ಎಂಚಾಂಟೆಡ್’ ಸ್ವಲ್ಪ ದೊಡ್ಡ ಮಕ್ಕಳ ಕಾದಂಬರಿ. ಮರುವರ್ಷ ಅದಕ್ಕೆ ಅಮೆರಿಕದ ನ್ಯೂಬೆರಿ ಆನರ್ ಗೌರವ ಸಿಕ್ಕಿತು. ಸಿಂಡ್ರೆಲಾ ಯಾಕೆ ಹೇಳಿದ್ದಕ್ಕೆಲ್ಲ ತಲೆಬಾಗುತ್ತಾಳೆ ಎಂಬ ಪ್ರಶ್ನೆಯನ್ನು ಅದು ಗಂಭೀರವಾಗಿ ತೆಗೆದುಕೊಳ್ಳುತ್ತದೆ. ನಾಯಕಿ ಎಲ್ಲಾಗೆ ಹುಟ್ಟಿದಾಗ ಕಿನ್ನರಿಯೊಬ್ಬಳು ವಿಧೇಯತೆಯನ್ನೇ ವರವಾಗಿ ಕೊಟ್ಟಿದ್ದಾಳೆ. ಯಾರು ಏನು ಆಜ್ಞೆ ಮಾಡಿದರೂ ಅವಳು ಪಾಲಿಸಲೇಬೇಕು. ಒಳ್ಳೆಯ ಹುಡುಗಿ ಎಂದು ಎಲ್ಲರೂ ಹೊಗಳುವ ಗುಣವೇ ಇಲ್ಲಿ ಶಾಪ. ಬಾಲ್ಯದುದ್ದಕ್ಕೂ ಅವಳು ಆಜ್ಞೆ ಪಾಲಿಸುವಂತೆ ಮಾಡಿ ಅದರೊಳಗೆ ಸಂದು ಹುಡುಕುವುದನ್ನು ಕಲಿಯುತ್ತಾಳೆ, ಕೊನೆಗೆ ರಾಜಕುಮಾರನನ್ನು ಉಳಿಸಲೆಂದು ಅವನನ್ನೇ ಮದುವೆಯಾಗಲು ನಿರಾಕರಿಸಿ ಶಾಪ ಮುರಿಯುತ್ತಾಳೆ. ಚಿಕ್ಕಂದಿನಲ್ಲಿ ಕಲಿತದ್ದು ದೊಡ್ಡವಳಾದಾಗ ಕೈಗೆ ಬರುತ್ತದೆ. ಸಿನಿಮಾದ ಬಾಗಿಲಿಗೆ ಕಾವಲು ಕೂತ ಪುಸ್ತಕಗಳಿಗೆ ಇದು ಸಾಧ್ಯವಿಲ್ಲ. ಪೆರೋ 1697ರಲ್ಲಿ ಅಚ್ಚಿಗೆ ತಂದ ಸಿಂಡ್ರೆಲಾ ಯಾರ ಸ್ವತ್ತೂ ಅಲ್ಲ. ಡಿಸ್ನಿಗೆ ಸೇರಿದ್ದು ಅವಳ ಆ ನೀಲಿ ಉಡುಪು, ಆ ಇಲಿಗಳು. ಅವನ್ನು ಬದಿಗಿಟ್ಟು ಯಾವ ಭಾಷೆಯ ಯಾವ ಲೇಖಕಿಯಾದರೂ ಅವಳ ಬಾಲ್ಯವನ್ನು ಬರೆಯಬಹುದು.

ಊಹೆಗೆ ಒಂದು ಎಲ್ಲೆಯೂ ಬೇಕು. ಡಿಸ್ನಿಯ ರಾಜಕುಮಾರಿಯರ ಸಾಲಿನಲ್ಲಿ ಪೊಕಾಹೊಂಟಸ್ ಇದ್ದಾಳೆ. ಅವಳು ಕಿನ್ನರಿ ಕಥೆಯವಳಲ್ಲ. ಸುಮಾರು 1596ರಲ್ಲಿ ಇಂದಿನ ವರ್ಜೀನಿಯಾದಲ್ಲಿ ಪೊವ್ಹಾಟನ್ ಒಕ್ಕೂಟದ ಮುಖ್ಯಸ್ಥನ ಮಗಳಾಗಿ ನಿಜವಾಗಿ ಹುಟ್ಟಿದವಳು. ಪೊಕಾಹೊಂಟಸ್ ಎನ್ನುವುದು ಅಡ್ಡಹೆಸರು. 1607ರಲ್ಲಿ ಇಂಗ್ಲಿಷರು ಜೇಮ್ಸ್‌ಟೌನಿನಲ್ಲಿ ಬೀಡುಬಿಟ್ಟಾಗ ಅವಳಿಗೆ ಹನ್ನೊಂದರ ಸುಮಾರು. 1613ರಲ್ಲಿ ಅವರು ಅವಳನ್ನು ಸೆರೆಹಿಡಿದರು. 1614ರಲ್ಲಿ ರೆಬೆಕ್ಕಾ ಎಂಬ ಹೊಸ ಹೆಸರಿನಲ್ಲಿ ಮದುವೆಯಾಯಿತು. 1617ರಲ್ಲಿ ಇಂಗ್ಲೆಂಡಿನ ಗ್ರೇವ್ಸೆಂಡಿನಲ್ಲಿ, ಇಪ್ಪತ್ತು ದಾಟಿದ ಹೊಸದರಲ್ಲಿ, ತೀರಿಕೊಂಡಳು. ಇಂಥವಳ ಬಾಲ್ಯವನ್ನು ಸಿಂಡ್ರೆಲಾಳ ಬಾಲ್ಯದಂತೆ ಬೇಕೆಂದಂತೆ ಹೆಣೆಯುವ ಹಕ್ಕು ಯಾರಿಗೂ ಇಲ್ಲ. ಹೆಣೆದರೆ ಸೆರೆಯ ಕಥೆಯನ್ನು ಸಾಹಸದ ಕಥೆ ಮುಚ್ಚಿಹಾಕುತ್ತದೆ, ಮಗು ಸುಳ್ಳನ್ನೇ ಇತಿಹಾಸವೆಂದು ಹೊತ್ತುಕೊಂಡು ಬೆಳೆಯುತ್ತದೆ. ಕಥೆಯ ಹುಡುಗಿಗೂ ಬದುಕಿ ಬಾಳಿದ ಹುಡುಗಿಗೂ ಇರುವ ಈ ಅಂತರವನ್ನು ಮಾಲೆಯ ಒಂದೇ ಬಗೆಯ ಮುಖಪುಟಗಳು ಅಳಿಸುವುದು ಸರಿಯಲ್ಲ.

ರಾಜಕುಮಾರಿಯರ ಗೀಳೇ ಹುಡುಗಿಯರಿಗೆ ಹಾನಿಕರ, ಅದಕ್ಕೆ ಬಾಲ್ಯದ ಪುಸ್ತಕಗಳ ನೀರೆರೆಯುವುದೇಕೆ ಎಂಬ ಆಕ್ಷೇಪವೂ ಇದೆ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಾರಾ ಕೋಯ್ನ್ ಮತ್ತು ಸಂಗಡಿಗರು 198 ಪುಟ್ಟ ಮಕ್ಕಳನ್ನು ಒಂದು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಆತಂಕಕ್ಕೆ ಬಲ ಕೊಟ್ಟಿತು. ಡಿಸ್ನಿ ರಾಜಕುಮಾರಿಯರಲ್ಲಿ ಹೆಚ್ಚು ತೊಡಗಿದ ಮಕ್ಕಳಲ್ಲಿ ಹೆಣ್ಣೆಂದರೆ ಹೀಗೆ ಎಂಬ ಸಿದ್ಧ ಅಚ್ಚಿನ ನಡವಳಿಕೆ ಒಂದು ವರ್ಷದ ನಂತರ ಹೆಚ್ಚಿತ್ತು. ಆದರೆ ಅದೇ ತಂಡ ಆ ಮಕ್ಕಳನ್ನು ಕೆಲವು ವರ್ಷ ಬಿಟ್ಟು ಮತ್ತೆ ನೋಡಿ 2021ರಲ್ಲಿ ಹೇಳಿದ್ದು ಬೇರೆ: ಚಿಕ್ಕಂದಿನಲ್ಲಿ ರಾಜಕುಮಾರಿಯರನ್ನು ಮೆಚ್ಚಿದ್ದವರು ಹರೆಯಕ್ಕೆ ಕಾಲಿಡುವಾಗ ಹೆಣ್ಣು ಗಂಡಿನ ಸಮಾನತೆಯ ಬಗ್ಗೆ ಹೆಚ್ಚು ಮುಕ್ತ ನಿಲುವು ತೋರಿದರು. ಎರಡನ್ನೂ ಕೂಡಿಸಿ ನೋಡಿದರೆ ಮೆಚ್ಚುಗೆಯೊಂದೇ ಮಗುವನ್ನು ಕಟ್ಟಿಹಾಕುವುದಿಲ್ಲ ಎನಿಸುತ್ತದೆ. ಮೆಚ್ಚಿದವಳು ಕಥೆಯಲ್ಲಿ ಏನು ಮಾಡುತ್ತಾಳೆ ಎಂಬುದೂ ಮುಖ್ಯವಿರಲೇಬೇಕು. ಕನ್ನಡಿ ಮುಂದೆ ನಿಂತವಳನ್ನು ಮೆಚ್ಚುವುದಕ್ಕೂ ಮರ ಹತ್ತಿ ಬಿದ್ದು ಮತ್ತೆ ಹತ್ತುವವಳನ್ನು ಮೆಚ್ಚುವುದಕ್ಕೂ ಅಂತರವಿದೆ. ಸಾಮಾನ್ಯ ಹುಡುಗಿಯರ ಕಥೆ ಬರೆದರಾಗದೇ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಅದನ್ನೂ ಬರೆಯಬೇಕು, ಧಾರಾಳವಾಗಿ ಬರೆಯಬೇಕು. ಆದರೆ ಮಗುವಿನ ಮನಸ್ಸಿನೊಳಗೆ ರಾಜಕುಮಾರಿ ಆಗಲೇ ಬಂದು ಕೂತಿದ್ದಾಳೆ. ಅವಳನ್ನು ಹೊರಗೆ ಹಾಕಲು ಹೋಗಿ ಗೆದ್ದವರಿಲ್ಲ. ಅವಳಿಗೆ ಆಡಲು ಕಲಿಸುವುದು ಹೆಚ್ಚು ಫಲ ಕೊಡುವ ದಾರಿ.

ಕನ್ನಡಕ್ಕೆ ಈ ರಾಜಕುಮಾರಿಯರು ಪರಕೀಯರಲ್ಲ. 1960ರ ದಶಕದಲ್ಲಿ ಅಮರ ಚಿತ್ರಕಥೆ ಮಾಲೆಯ ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದ ಪಾಶ್ಚಾತ್ಯ ಕಥೆಗಳು, ಸಿಂಡ್ರೆಲಾ ಅವುಗಳಲ್ಲಿ ಒಬ್ಬಳು. ಕೃಷ್ಣನ ಸಂಚಿಕೆಗೆ 11ನೆಯ ಸಂಖ್ಯೆ ಬಿದ್ದದ್ದು ಆ ಕಾರಣಕ್ಕೆ. ಅಷ್ಟೇ ಏಕೆ, ಸಿಂಡ್ರೆಲಾ ನಮ್ಮಲ್ಲಿ ಬೇರೆ ಹೆಸರಿನಿಂದ ಮೊದಲೇ ಇದ್ದಳು. ಎ.ಕೆ. ರಾಮಾನುಜನ್ ಕನ್ನಡದ ಹಂಚಿಯ ಕಥೆಯನ್ನು ಸಂಗ್ರಹಿಸಿ ಅವಳನ್ನು ಕನ್ನಡದ ಸಿಂಡ್ರೆಲಾ ಎಂದು ಕರೆದರು. 1982ರಲ್ಲಿ ಅಲನ್ ಡಂಡೆಸ್ ಸಂಪಾದಿಸಿದ ಸಿಂಡ್ರೆಲಾ ಕುರಿತ ಸಂಕಲನದಲ್ಲಿ ಆ ಪ್ರಬಂಧವಿದೆ. ಮುದುಕಿಯೊಬ್ಬಳಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳ ಕೂದಲು ಚಿನ್ನದ್ದು. ಇಬ್ಬರೂ ದೊಡ್ಡವರಾದ ಮೇಲೆ ಅಣ್ಣನ ಕಣ್ಣು ಆ ಕೂದಲಿನ ಮೇಲೆ ಬೀಳುತ್ತದೆ, ಕೆಟ್ಟ ಕಣ್ಣಾಗಿ ಬೀಳುತ್ತದೆ. ತಾಯಿ ಮಗಳಿಗೆ ಮಣ್ಣಿನ ಮುಖವಾಡ ಮಾಡಿಕೊಟ್ಟು ಊರು ಬಿಡಿಸುತ್ತಾಳೆ. ಹಂಚಿನ ಮುಖದವಳು ಜನರ ಬಾಯಲ್ಲಿ ಹಂಚಿಯಾಗುತ್ತಾಳೆ. ಇಲ್ಲೂ ‘ದೊಡ್ಡವರಾದ ಮೇಲೆ’ ಎಂಬ ಒಂದೇ ಮಾತಿನಲ್ಲಿ ಬಾಲ್ಯ ಮುಗಿಯಿತು. ಆ ಅಣ್ಣ ತಂಗಿ ಒಂದು ಕಾಲದಲ್ಲಿ ಒಂದೇ ಅಂಗಳದಲ್ಲಿ ಆಡಿದ್ದಿರಬೇಕು, ಅವಳ ಕೂದಲಿಗೆ ತಾಯಿ ಎಣ್ಣೆ ಹಚ್ಚುವಾಗ ಅವನು ಪಕ್ಕದಲ್ಲೇ ಕೂತಿದ್ದಿರಬೇಕು. ಅದನ್ನು ಬರೆದರೆ ಮುಂದಿನ ಭಯಕ್ಕೆ ಎಷ್ಟು ತೂಕ ಬಂದೀತು! ರಾಮಾನುಜನ್ ಇನ್ನೂ ಒಂದು ಮಾತು ಗುರುತಿಸಿದ್ದರು: ಹೆಣ್ಣು ನಾಯಕಿಯಾಗಿರುವ ನಮ್ಮ ಕಥೆಗಳು ಮದುವೆಯಲ್ಲಿ ಮುಗಿಯುವುದಿಲ್ಲ, ಅವಳ ಕಷ್ಟ ಶುರುವಾಗುವುದೇ ಮದುವೆಯಾದ ಮೇಲೆ. ಮುಂದಕ್ಕೆ ಇಷ್ಟು ದೂರ ನೋಡಬಲ್ಲ ಕಥೆಗಳಿಗೆ ಹಿಂದಕ್ಕೂ ಅಷ್ಟೇ ದೂರ ನೋಡುವ ಬರಹಗಾರರು ಸಿಗಬೇಕು. ಚಿತ್ರಪುಸ್ತಕಗಳು ನಮ್ಮಲ್ಲಿ ಚೆನ್ನಾಗಿ ಬರುತ್ತಿವೆ. ಅವುಗಳಿಂದ ಮೇಲೆದ್ದ ಎಂಟು ವರ್ಷದ ಮಗುವಿನ ಕೈಗೆ ಕೊಡಬಹುದಾದ, ಅಧ್ಯಾಯಗಳಿರುವ ಪುಟ್ಟ ಕಾದಂಬರಿಗಳು ಇನ್ನೂ ಸಾಲವು.

ಹೂವಿನ ಗಿಡವಾಗುವ ಹುಡುಗಿಯ ಕಥೆ ಇದಕ್ಕೆ ಕಾದು ನಿಂತಂತಿದೆ. ರಾಮಾನುಜನ್ ಸಂಗ್ರಹಿಸಿದ ಈ ಕನ್ನಡ ಕಥೆಯಿಂದಲೇ ಅವರು ತೀರಿಕೊಂಡ ನಂತರ 1997ರಲ್ಲಿ ಬಂದ ‘ಎ ಫ್ಲವರಿಂಗ್ ಟ್ರೀ’ ಸಂಕಲನಕ್ಕೆ ಹೆಸರು ಬಂತು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಸಿನಿಮಾ ಮಾಡಿದರು, ಜಾನ್ ಆ್ಯಡಮ್ಸ್ 2006ರಲ್ಲಿ ಆಪೆರಾ ಮಾಡಿದರು. ಎಲ್ಲರನ್ನೂ ಸೆಳೆದದ್ದು ರಾಜಕುಮಾರನ ಮನೆ ಸೇರಿದ ಮೇಲೆ ಅವಳ ಕೊಂಬೆಗಳು ಮುರಿಯುವ ಆ ಭಯಂಕರ ಭಾಗ. ಆದರೆ ಕಥೆ ಹೊರಡುವುದು ಒಂದು ಬಡ ಮನೆಯಲ್ಲಿ, ಕೂಲಿ ಮಾಡಿ ಸಾಕುವ ತಾಯಿ, ಇಬ್ಬರು ಹೆಣ್ಣುಮಕ್ಕಳು. ಅಮ್ಮನ ಕಷ್ಟ ನೋಡಲಾರದೆ ಕಿರಿಯಳು ಅಕ್ಕನಿಗೆ ಹೇಳುತ್ತಾಳೆ: ಎರಡು ಬಿಂದಿಗೆ ನೀರು ತಾ, ಒಂದನ್ನು ನನ್ನ ಮೇಲೆ ಹೊಯ್ಯಿ, ನಾನು ಗಿಡವಾಗುತ್ತೇನೆ, ಕೊಂಬೆ ಮುರಿಯದೆ, ಎಲೆ ಕೀಳದೆ ಹೂವು ಕೊಯ್ದುಕೊ, ಆಮೇಲೆ ಇನ್ನೊಂದು ಬಿಂದಿಗೆ ಹೊಯ್ಯಿ, ಮತ್ತೆ ಹುಡುಗಿಯಾಗುತ್ತೇನೆ. ತಾನು ಹೀಗೆ ಮರವಾಗಬಲ್ಲೆ ಎಂದು ಅವಳಿಗೆ ಮೊದಲು ಗೊತ್ತಾದದ್ದು ಯಾವಾಗ, ಹೆದರಿದಳೇ, ಅಕ್ಕನಿಗೆ ಹೇಳುವ ಮುಂಚೆ ಎಷ್ಟು ದಿನ ಬಚ್ಚಿಟ್ಟುಕೊಂಡಳು? ಮೊದಲ ಸಲ ತಂಗಿ ಬೇರು ಬಿಟ್ಟು ನಿಂತಾಗ ಎರಡನೆಯ ಬಿಂದಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಅಕ್ಕ, ತಾನೂ ಮಗುವೇ ಆಗಿದ್ದವಳು, ಎಷ್ಟು ನಡುಗಿರಬೇಕು. ಅರಮನೆಯ ಕಣ್ಣು ಆ ಹೂವಿನ ಮೇಲೆ ಬೀಳಲು ಇನ್ನೂ ಸಮಯವಿದೆ.